ಅಮೃತಾ ಶೇರ್‌ಗಿಲ್ ಚಿತ್ರಗಳನ್ನು ನೋಡುವ ಬಗೆ

ಬೇಲೂರಿನ ಮದನಿಕೆಯರ ಕುಸುರಿ ಕೆತ್ತನೆಯನ್ನು ನೋಡುತ್ತ ಬೆಳೆದ ಹಾಸನದವರು ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ (1913–1941) ಅವರ ಚಿತ್ರಗಳಲ್ಲಿ ಒಡವೆಯ ಸೂಕ್ಷ್ಮಗಳನ್ನು ಹುಡುಕಬಾರದು. ಅವರು ವಿವರಗಳನ್ನು ತಗ್ಗಿಸಿ, ಅಗಲವಾದ ಬಣ್ಣದ ಹರವುಗಳಲ್ಲಿಯೇ ದೇಹಗಳನ್ನು ರೂಪಿಸಿದ್ದಾರೆ. ಮೊದಲು 1935ರ ‘ಮೂವರು ಹುಡುಗಿಯರು’ ಚಿತ್ರದ ಉತ್ತಮ ಮುದ್ರಿತ ಪ್ರತಿಯನ್ನು ಎದುರಿಗಿಟ್ಟುಕೊಂಡು, ಆ ಹುಡುಗಿಯರ ದೃಷ್ಟಿ ಎತ್ತ ಹರಿದಿದೆ ಎಂಬುದನ್ನು ನಿಧಾನವಾಗಿ ಗಮನಿಸಿ: ಅವರು ನಮ್ಮತ್ತಲೂ ನೋಡುತ್ತಿಲ್ಲ, ಒಬ್ಬರನ್ನೊಬ್ಬರೂ ನೋಡುತ್ತಿಲ್ಲ. ಆ ಮೌನಕ್ಕೆ ಮರುಕವನ್ನಷ್ಟೇ ಆರೋಪಿಸುವುದು, ನನ್ನ ಮಟ್ಟಿಗೆ, ಅವಸರದ ಓದು. ಅನಂತರ, ಅಜಂತಾ ಹಾಗೂ ದಕ್ಷಿಣ ಭಾರತದ ಪ್ರವಾಸದ ಬಳಿಕ 1937ರಲ್ಲಿ ರಚಿತವಾದ ‘ವಧುವಿನ ಅಲಂಕಾರ’ವನ್ನು ಪಕ್ಕದಲ್ಲಿಟ್ಟು, ವಧುವಿನ ಕೆಂಪೇರಿದ ಅಂಗೈಗಳನ್ನೂ ಸುತ್ತಲಿನವರ ಮೈಬಣ್ಣವನ್ನೂ ಹೋಲಿಸಿ ನೋಡಿ. ಮೊಬೈಲ್ ಪರದೆಯ ಹೊಳಪನ್ನು ನಂಬಬೇಡಿ. ಇವೆರಡೂ ಮೂಲಚಿತ್ರಗಳು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿವೆ.