ಮಡಿಕೇರಿಯನ್ನು ಒಂದೇ ದಿನದಲ್ಲಿ ನೋಡುವುದು ಹೇಗೆ

ಎಲ್ಲರೂ ಮೊದಲು ಅಬ್ಬಿ ಫಾಲ್ಸ್‌ಗೆ ಓಡುತ್ತಾರೆ. ನೀವು ಬೆಳಿಗ್ಗೆ ಗದ್ದುಗೆಗೆ ಹೋಗಿ. ಕೊಡಗಿನ ಅರಸರ ಸಮಾಧಿಗಳಿವು. ಇಷ್ಟು ಒಳ್ಳೆಯ ಜಾಗವನ್ನು ಜನ ಸುಮ್ನೆ ದಾಟಿ ಹೋಗುತ್ತಾರಲ್ಲ, ನನಗೆ ಬೇಸರ. ದೂರದಿಂದ ಗುಮ್ಮಟ ಮಸೀದಿಯಂತೆ ಕಾಣುತ್ತದೆ. ಹತ್ತಿರ ಹೋಗಿ ತಲೆಯೆತ್ತಿ, ಮೂಲೆಗಳಲ್ಲಿ ನಂದಿ ಕೂತಿರುತ್ತದೆ! ಇದೇ ಬಗೆಯ ಗುಮ್ಮಟ ಓಂಕಾರೇಶ್ವರ ದೇವಸ್ಥಾನಕ್ಕೂ ಇದೆ. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ್ದು. ಅಲ್ಲಿನ ಕೊಳದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರಿ, ಅವಸರ ಬೇಡ.

ಆಮೇಲೆ ಕೋಟೆ. ಅಂಗಳದಲ್ಲಿರುವ ಎರಡು ಗಾರೆ ಆನೆಗಳನ್ನು ತಪ್ಪಿಸಬೇಡಿ.

ಊಟ ಮುಗಿಸಿ ಅಬ್ಬಿಗೆ ಹೊರಡಿ, ಸುಮಾರು 8 ಕಿ.ಮೀ. ಮಳೆಗಾಲದಲ್ಲಿ ನೀರು ಜಾಸ್ತಿ, ಮೆಟ್ಟಿಲು ಜಾರುತ್ತದೆ. ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ಜಿಗಣೆಗೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಸೂರ್ಯಾಸ್ತಕ್ಕೆ ರಾಜಾಸೀಟ್ ಉದ್ಯಾನ. ತಲಕಾವೇರಿಯನ್ನು ಇದರಲ್ಲಿ ತುರುಕಬೇಡಿ, ಅದಕ್ಕೆ ಇನ್ನೊಂದು ದಿನ ಇಡಿ.