ಟೊಂಕದ ಕೆಳಗೆ ನೋವೇ? ಎಸ್‌ಐ ಜಾಯಿಂಟ್ ಪರೀಕ್ಷೆ ಮಾಡುವುದು ಹೀಗೆ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರು, ಬೆಟಗೇರಿಯ ನೇಕಾರರು, ಬಾಣಂತಿಯರು, ಯಾರೇ ಟೊಂಕ ನೋವು ಎಂದು ಬರಲಿ, ಮೊದಲು ಕೇಳಿಬರುವ ಹೆಸರು ಡಿಸ್ಕ್, ಅಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ. ಬೆನ್ನೆಲುಬಿನ ಬುಡದ ಸೇಕ್ರಮ್ ಸೊಂಟದ ಮೂಳೆಗೆ ಸೇರುವ ಜಾಗವೇ ಸೇಕ್ರೋಇಲಿಯಾಕ್, ಚಿಕ್ಕದಾಗಿ ಎಸ್‌ಐ ಜಾಯಿಂಟ್. ನೋವು ಅಲ್ಲಿಂದಲೂ ಬರಬಹುದು. ಫಿಸಿಯೋಥೆರಪಿ ಕಲಿಯುವ ಹುಡುಗ ಹುಡುಗಿಯರು ಈ ಪರೀಕ್ಷೆಯನ್ನು ಅವಸರದಲ್ಲಿ ಕೆಡಿಸುವುದನ್ನು ನೋಡುತ್ತಲೇ ಇದ್ದೇನೆ. ಈ ಬರಹ ಅವರಿಗಾಗಿ. ಉಳಿದವರು ಮನೆಯಲ್ಲಿ ಮಾಡಿ ನೋಡುವುದು ಬೇಡ.

1. ಮೊದಲು ವಿಚಾರಿಸಿ. ಬಿದ್ದು ಪೆಟ್ಟಾಗಿದೆಯಾ? ಜ್ವರ ಇದೆಯಾ? ಮೂತ್ರ ಕಟ್ಟಿದೆಯಾ? ತೊಡೆಸಂದು ಜೋಮು ಹಿಡಿದಿದೆಯಾ? ಒಂದಕ್ಕೆ ಹೌದು ಎಂದರೂ ಕೈ ಹಚ್ಚದೆ ಡಾಕ್ಟರ ಬಳಿ ಕಳಿಸಿ. ಮೂಳೆ ಟೊಳ್ಳಾದವರ ಮೇಲೂ ಒತ್ತಡ ಹಾಕಬೇಡಿ.

2. "ಒಂದ ಬೆರಳಲೆ ತೋರಸ್ರಿ" ಎನ್ನಿ. ಟೊಂಕದ ಕೆಳಗಿನ ಗುಳಿಯ ಹತ್ತಿರ ಬೆರಳು ಇಟ್ಟರೆ ಎಸ್‌ಐ ಅನುಮಾನ ಜಾಸ್ತಿ. ನಂತರ ನಾಲ್ಕಾರು ಸಲ ಹಿಂದಕ್ಕೆ ಬಾಗಿಸಿ. ಕಾಲಿನ ನೋವು ಬೆನ್ನಿನ ಮಧ್ಯಕ್ಕೆ ಸರಿದು ಬಂದರೆ ಡಿಸ್ಕ್ ಕಡೆ ನೋಡಿ.

3. ತೊಡೆ ಒತ್ತುವ ಪರೀಕ್ಷೆ, ಅಂದರೆ ಥೈ ಥ್ರಸ್ಟ್. ಕೆಡುವುದು ಇಲ್ಲಿಯೇ. ಗಟ್ಟಿ ಟೇಬಲ್ ಬೇಕು. ಸ್ಪಂಜಿನ ಹಾಸಿಗೆ ನಿಮ್ಮ ಒತ್ತಡವನ್ನೆಲ್ಲ ನುಂಗುತ್ತದೆ. ಅಂಗಾತ ಮಲಗಿಸಿ, ನೋವಿರುವ ಕಡೆಯ ತೊಡೆಯನ್ನು 90 ಡಿಗ್ರಿ ಎತ್ತಿ. ಒಂದು ಅಂಗೈಯನ್ನು ಸೇಕ್ರಮ್ ಕೆಳಗೆ ತೂರಿಸಿ. ಇನ್ನೊಂದು ಕೈ, ಎದೆಯ ಭಾರ ಎರಡನ್ನೂ ಮೊಣಕಾಲಿನ ಮೇಲೆ ಇಟ್ಟು, ತೊಡೆಮೂಳೆಯ ಉದ್ದಕ್ಕೆ ನೇರ ಕೆಳಗೆ ಒತ್ತಿ. ಬಹಳ ಜನ ಮೊಣಕಾಲನ್ನು ಒಳಗೆ, ಇನ್ನೊಂದು ಕಾಲಿನ ಕಡೆಗೆ ವಾಲಿಸುತ್ತಾರೆ. ಆಗ ಹಿಪ್ ಜಾಯಿಂಟ್ ಚಿವುಟಿದಂತಾಗಿ ತೊಡೆಸಂದಿಯಲ್ಲಿ ನೋವು ಬರುತ್ತದೆ. ಅದು ಲೆಕ್ಕಕ್ಕಿಲ್ಲ. ಧಡಕ್ಕನೆ ತಳ್ಳಲೂ ಬೇಡಿ. ಒತ್ತಡ ನಿಧಾನ ಏರಲಿ, ಅವರ ಮುಖ ನೋಡುತ್ತಿರಿ. "ನೋವಾಯ್ತಾ?" ಎಂದರೆ ಯಾರಾದರೂ ಹೌದು ಅಂತಾರೆ, ಅಲ್ವಾ? "ದಿನಾ ಕಾಡೋ ನೋವು ಇದೇ ಏನ್ರಿ?" ಎಂದು ಕೇಳಿ. ಅದೇ ನೋವು ಎದ್ದರೆ ಮಾತ್ರ ಪಾಸಿಟಿವ್.

4. ಡಿಸ್ಟ್ರಾಕ್ಷನ್: ಅಂಗಾತ ಮಲಗಿದವರ ಸೊಂಟದ ಮುಂದಿನ ಎರಡೂ ಮೂಳೆ ತುದಿಗಳನ್ನು ಹಿಂದಕ್ಕೆ, ಹೊರಕ್ಕೆ ಒತ್ತಿ.

ಎರಡೂ ಪಾಸಿಟಿವ್ ಆದರೆ ಅಲ್ಲಿಗೇ ನಿಲ್ಲಿಸಿ. ನೋವಿರುವವರನ್ನು ಸುಮ್ನೆ ಮತ್ತೆ ಮತ್ತೆ ಒತ್ತುವುದು ತಪ್ಪು. ಇಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿ ಸೊಂಟ ಒತ್ತುವ ಕಂಪ್ರೆಷನ್, ಬೋರಲು ಮಲಗಿಸಿ ಸೇಕ್ರಮ್ ಒತ್ತುವ ಪರೀಕ್ಷೆ ಮಾಡಿ. ಫಿಸಿಯೋಥೆರಪಿಸ್ಟ್ ಲಾಸ್ಲೆಟ್ ಮತ್ತು ಸಂಗಡಿಗರ 2005ರ ಅಧ್ಯಯನದಂತೆ ಈ 4ರಲ್ಲಿ 2 ಪಾಸಿಟಿವ್ ಇದ್ದರೆ ಎಸ್‌ಐ ನೋವಿನ ಸಾಧ್ಯತೆ ಹೆಚ್ಚು. ಒಂದೂ ಇಲ್ಲದಿದ್ದರೆ ಬೇರೆ ಕಾರಣ ಹುಡುಕಿ. ಖಾತ್ರಿ ಬೇಕೆಂದರೆ ಎಕ್ಸ್‌ರೇ ನೋಡುತ್ತಾ ಜಾಯಿಂಟಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನೋವು ತಗ್ಗುತ್ತದೆಯೇ ಎಂದು ಡಾಕ್ಟರು ನೋಡುತ್ತಾರೆ.

"ಜಾಯಿಂಟ್ ಜಾರಿದೆ, ಕೂರಿಸ್ತೀನಿ" ಎನ್ನುವವರನ್ನು ನಂಬಬೇಡಿ. ಅದು ಅಲ್ಲಾಡುವುದೇ ಕೆಲವೇ ಡಿಗ್ರಿ, ಕೈಯಿಂದ ಮುಟ್ಟಿ ಖಚಿತವಾಗಿ ತಿಳಿಯುವಂಥದ್ದಲ್ಲ. ಹೊಟ್ಟೆಗೆ ಸುತ್ತುವ ಅಗಲ ಬೆಲ್ಟೂ ಇದಕ್ಕೆ ಬೇಡ. ಎಸ್‌ಐ ಬೆಲ್ಟ್ ಕಿರಿದಾಗಿರುತ್ತದೆ. ಅದನ್ನು ಹೊಕ್ಕುಳಿಗಿಂತ ಸಾಕಷ್ಟು ಕೆಳಗೆ, ತೊಡೆಮೂಳೆಯ ಮೇಲ್ತುದಿ ಹೊರಗೆ ಉಬ್ಬಿರುವ ಜಾಗಕ್ಕಿಂತ ಸ್ವಲ್ಪ ಮೇಲೆ ಕಟ್ಟಬೇಕು.