ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ವೆಸ್ಟರ್ನ್ ಬ್ಲಾಟ್: ಆಂಟಿಬಾಡಿ ನಂಬೋಕೆ ಮುಂಚೆ ಇಷ್ಟು ಮಾಡಿ

ವೆಸ್ಟರ್ನ್ ಬ್ಲಾಟ್ ಅಂದ್ರೆ ಪ್ರೋಟೀನ್‌ಗಳನ್ನ ಜೆಲ್‌ನಲ್ಲಿ ಸೈಜ್ ಪ್ರಕಾರ ಬೇರೆ ಮಾಡಿ, ಬೇಕಾದ್ದನ್ನ ಆಂಟಿಬಾಡಿಯಿಂದ ಬ್ಯಾಂಡ್ ಆಗಿ ಹುಡುಕೋ ವಿಧಾನ. ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್‌ಗಳು, ಅಂದ್ರೆ ಜೀನ್‌ಗಳನ್ನ ಆನ್ ಆಫ್ ಮಾಡೋ ಪ್ರೋಟೀನ್‌ಗಳು, ಸೆಲ್‌ನಲ್ಲಿ ಇರೋದೇ ಸ್ವಲ್ಪ, ಆಕ್ಟಿನ್ ತರ ರಾಶಿ ರಾಶಿ ಸಿಗಲ್ಲ. ಹಾಗಾಗಿ ಪೂರ್ತಿ ಸೆಲ್ ಲೈಸೇಟ್ (ಒಡೆದ ಸೆಲ್‌ನ ರಸ) ಓಡಿಸಿ ಬ್ಯಾಂಡ್ ಬರ್ಲಿಲ್ಲ ಅಂತ ಆಂಟಿಬಾಡಿಗೆ ಬೈಯೋಕೆ ಮುಂಚೆ ನ್ಯೂಕ್ಲಿಯರ್ ಎಕ್ಸ್‌ಟ್ರಾಕ್ಟ್ (ನ್ಯೂಕ್ಲಿಯಸ್‌ನಿಂದ ತೆಗೆದ ಪ್ರೋಟೀನ್) ಮಾಡಿ ನೋಡಿ.

ಮೊದ್ಲು ಉಪ್ಪು ಕಮ್ಮಿ ಇರೋ ಬಫರ್‌ನಲ್ಲಿ ಸೆಲ್ ಉಬ್ಬಿಸಿ, ಸ್ವಲ್ಪ ಎನ್‌ಪಿ-40 ಡಿಟರ್ಜೆಂಟ್ ಹಾಕಿ ಸ್ಪಿನ್ ಮಾಡಿ, ಮೇಲೆ ನಿಂತಿದ್ದು ಸೈಟೋಪ್ಲಾಸಂ, ಕೆಳಗೆ ಕೂತಿದ್ದು ನ್ಯೂಕ್ಲಿಯಸ್. ಆ ಪೆಲೆಟ್‌ಗೆ 420 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಇರೋ ಬಫರ್ ಹಾಕಿ ಐಸ್ ಮೇಲೆ ಅರ್ಧ ಗಂಟೆ ಇಡಿ, ಮಧ್ಯೆ ಮಧ್ಯೆ ವೋರ್ಟೆಕ್ಸ್ ಮಾಡ್ತಾ ಇರಿ, ಆಮೇಲೆ ಜೋರಾಗಿ ಸ್ಪಿನ್ ಮಾಡಿ ಮೇಲಿನ ದ್ರವ ತಗೊಳ್ಳಿ. ಪ್ರೋಟಿಯೇಸ್ ಇನ್ಹಿಬಿಟರ್ (ಪ್ರೋಟೀನ್ ಕತ್ತರಿಸೋ ಎಂಜೈಮ್ ತಡೆಯೋದು) ಆವತ್ತೇ ಹಾಕ್ಬೇಕು, ಫಾಸ್ಫೋ ಫಾರ್ಮ್ (ಫಾಸ್ಫೇಟ್ ಅಂಟಿರೋ ರೂಪ) ನೋಡೋದಿದ್ರೆ ಫಾಸ್ಫಟೇಸ್ ಇನ್ಹಿಬಿಟರ್ ಕೂಡ. ನ್ಯೂಕ್ಲಿಯಸ್ ಗುರುತಿಗೆ ಲ್ಯಾಮಿನ್ ಬಿ1, ಸೈಟೋಪ್ಲಾಸಂ ಗುರುತಿಗೆ ಟ್ಯೂಬುಲಿನ್, ಎರಡೂ ಪ್ರೋಬ್ ಮಾಡಿ, ಸೈಟೋಪ್ಲಾಸಂ ಲೇನ್‌ನಲ್ಲಿ ಲ್ಯಾಮಿನ್ ಎದ್ದು ಕಾಣ್ತಿದ್ರೆ ನ್ಯೂಕ್ಲಿಯಸ್ ಒಡೆದಿದೆ ಅಂತ, ಆ ಸ್ಯಾಂಪಲ್ ಬಿಟ್ಬಿಡಿ.

ಈಗ ಮುಖ್ಯ ವಿಷ್ಯ, ಕಂಟ್ರೋಲ್. ಸರಿಯಾದ ಸೈಜ್‌ನಲ್ಲಿ ಬ್ಯಾಂಡ್ ಬಂತು ಅಂದ ಮಾತ್ರಕ್ಕೆ ಅದೇ ಪ್ರೋಟೀನ್ ಅಂತ ಅಲ್ಲ, ಪಿ53 ಅನ್ನೋ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರನ್ನೇ ತಗೊಳ್ಳಿ, ಲೆಕ್ಕದ ಪ್ರಕಾರ ತೂಕ ಸುಮಾರು 44 ಕಿಲೋಡಾಲ್ಟನ್, ಜೆಲ್‌ನಲ್ಲಿ ಓಡೋದು 53ರ ಹತ್ರ. ನಾಕೌಟ್ ಸೆಲ್ (ಆ ಜೀನ್ ತೆಗೆದಿರೋದು) ಸಿಕ್ರೆ ಅದನ್ನೇ ಪಕ್ಕದ ಲೇನ್‌ಗೆ ಹಾಕಿ, ಇಲ್ಲಾಂದ್ರೆ ಎಸ್‌ಐಆರ್‌ಎನ್‌ಎ ನಾಕ್‌ಡೌನ್ (ಚಿಕ್ಕ ಆರ್‌ಎನ್‌ಎಯಿಂದ ಆ ಜೀನ್ ತಗ್ಗಿಸಿದ್ದು), ಅಲ್ಲಿ ಬ್ಯಾಂಡ್ ಹೋಗ್ಬೇಕು ಅಥ್ವಾ ಚೆನ್ನಾಗಿ ಕಮ್ಮಿಯಾಗ್ಬೇಕು. ಪಾಸಿಟಿವ್ ಕಂಟ್ರೋಲೂ (ಆ ಪ್ರೋಟೀನ್ ಖಂಡಿತ ಇರೋ ಸ್ಯಾಂಪಲ್) ಯೋಚ್ನೆ ಮಾಡಿ ಆರಿಸಿ. ಸ್ಟ್ರೆಸ್ ಇಲ್ಲದ ಸೆಲ್‌ನಲ್ಲಿ ಎಂಡಿಎಂ2 ಅನ್ನೋ ಪ್ರೋಟೀನ್ ಪಿ53ನ ಬೇಗ ಬೇಗ ಖಾಲಿ ಮಾಡ್ತಿರುತ್ತೆ, ಡಿಎನ್‌ಎ ಹಾಳುಮಾಡೋ ಔಷಧಿ ಡಾಕ್ಸೊರುಬಿಸಿನ್ ಕೊಟ್ರೆ ಏರುತ್ತೆ, ಅದೂ ಸಹಜ ಪಿ53 ಇರೋ ಸೆಲ್ ಲೈನ್‌ನಲ್ಲಿ. ಹೀಲಾ ಸೆಲ್ ಲೈನ್ ಅಂತೂ ಬೇಡ, ಅಲ್ಲಿ ಪ್ಯಾಪಿಲೋಮಾ ವೈರಸ್‌ನ ಇ6 ಪ್ರೋಟೀನೇ ಪಿ53ನ ಮುಗಿಸ್ತಿರುತ್ತೆ. ಎನ್‌ಎಫ್-ಕಪ್ಪಾಬಿ ಅನ್ನೋ ಇನ್ನೊಂದು ಫ್ಯಾಕ್ಟರ್‌ನ ಪಿ65 ಭಾಗ ನೋಡೋರಿಗೆ ಅದೇ ಹೀಲಾ ಚೆನ್ನಾಗಿ ನಡೆಯುತ್ತೆ, ಉರಿಯೂತದ ಸಿಗ್ನಲ್ ಪ್ರೋಟೀನ್ ಟಿಎನ್‌ಎಫ್-ಆಲ್ಫಾ 30 ನಿಮಿಷ ಕೊಡಿ, ನ್ಯೂಕ್ಲಿಯರ್ ಲೇನ್‌ನಲ್ಲಿ ಬ್ಯಾಂಡ್ ಎದ್ದು ಬರುತ್ತೆ, ಬರ್ಲಿಲ್ಲ ಅಂದ್ರೆ ಆವಾಗ ಆಂಟಿಬಾಡಿ ಮೇಲೆ ಡೌಟ್ ಪಡಿ.

ಉಳಿದಿದ್ದು ಮಾಮೂಲಿ. ಪ್ರೈಮರಿ ಆಂಟಿಬಾಡಿ (ಪ್ರೋಟೀನ್‌ನ ನೇರ ಹಿಡಿಯೋದು) 1:1000ದಿಂದ ಶುರು ಮಾಡಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ. ಫಾಸ್ಫೋ ಆಂಟಿಬಾಡಿಗೆ ಹಾಲಿನ ಪುಡಿ ಬದ್ಲು 5% ಬಿಎಸ್‌ಎ (ಹಸುವಿನ ಸೀರಂ ಆಲ್ಬುಮಿನ್), ಯಾಕಂದ್ರೆ ಹಾಲಿನ ಕೇಸೀನೇ ಫಾಸ್ಫೋಪ್ರೋಟೀನು, ಬ್ಯಾಕ್‌ಗ್ರೌಂಡ್ ಬರಬಹುದು. ಎಚ್‌ಆರ್‌ಪಿ ಎಂಜೈಮ್ ಅಂಟಿಸಿರೋ ಸೆಕೆಂಡರಿ ಆಂಟಿಬಾಡಿಗೆ (ಪ್ರೈಮರಿನ ಹಿಡಿದು ಸಿಗ್ನಲ್ ಕೊಡೋದು) ಸೋಡಿಯಂ ಅಜೈಡ್ ಸೇರಿಸ್ಬೇಡಿ, ಎಂಜೈಮ್ ಸಾಯುತ್ತೆ, ಸಿಗ್ನಲ್ಲೇ ಬರಲ್ಲ.

ಬ್ಲಾಟ್‌ನಲ್ಲಿ ಚೆನ್ನಾಗಿ ಬಂತು ಅಂತ ಅದೇ ಆಂಟಿಬಾಡಿ ತಗೊಂಡು ಸೀದಾ ಚಿಪ್‌ಗೆ (ಫ್ಯಾಕ್ಟರ್ ಡಿಎನ್‌ಎಯಲ್ಲಿ ಎಲ್ಲಿ ಕೂತಿದೆ ಅಂತ ಹುಡುಕೋ ಪ್ರಯೋಗ) ಓಡ್ಬೇಡಿ. ಬ್ಲಾಟ್‌ನಲ್ಲಿ ಪ್ರೋಟೀನ್ ಎಸ್‌ಡಿಎಸ್ ಡಿಟರ್ಜೆಂಟ್‌ನಲ್ಲಿ ಬಿಚ್ಕೊಂಡಿರುತ್ತೆ, ಚಿಪ್‌ನಲ್ಲಿ ಮಡಚಿಕೊಂಡೇ ಇರುತ್ತೆ, ಮೇಲೆ 1% ಫಾರ್ಮಾಲ್ಡಿಹೈಡ್ ಬೇರೆ, ಆಂಟಿಬಾಡಿ ಹಿಡಿಯೋ ಜಾಗಾನೇ ಮುಚ್ಚಿಹೋಗಬಹುದು. ಚಿಪ್‌ಗೆ ಟೆಸ್ಟ್ ಆಗಿರೋದನ್ನೇ ತಗೊಳ್ಳಿ, ಐಜಿಜಿ ಕಂಟ್ರೋಲ್ (ಆ ಫ್ಯಾಕ್ಟರ್‌ನ ಹಿಡಿಯದ ಮಾಮೂಲಿ ಆಂಟಿಬಾಡಿ) ಇಡಿ, ಆ ಫ್ಯಾಕ್ಟರ್ ಕೂರೋದು ಗೊತ್ತಿರೋ ಒಂದು ಪ್ರೊಮೋಟರ್ (ಜೀನ್ ಶುರುವಾಗೋ ಹತ್ರದ ಡಿಎನ್‌ಎ), ಕೂರದೇ ಇರೋ ಒಂದು ಜಾಗ, ಎರಡಕ್ಕೂ ಪ್ರೈಮರ್ ಹಾಕಿ ಕ್ಯುಪಿಸಿಆರ್ (ಡಿಎನ್‌ಎ ಎಷ್ಟಿದೆ ಅಂತ ಅಳೆಯೋದು) ಮಾಡಿ ನೋಡಿದ್ಮೇಲೇ ಸೀಕ್ವೆನ್ಸಿಂಗ್‌ಗೆ ಕಳ್ಸಿ.